ನೆಲದ ಮೇಲಿನ ತೊಟ್ಟಿಲು

ಹಕ್ಕಿ ಎಲ್ಲಿ ಮೊಟ್ಟೆಯಿಡುತ್ತದೆ ಎಂದು ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಮರದ ಮೇಲಿನ ಗೂಡಿನಲ್ಲಿ ಎಂದು ಥಟ್ಟನೆ ಹೇಳುತ್ತಾರೆ. ದೊಡ್ಡವರಾದ ನಾವೂ ಹಾಗೆಯೇ ಅಂದುಕೊಂಡಿದ್ದೇವೆ. ಆದರೆ ಬರಿ ನೆಲವನ್ನೇ ತೊಟ್ಟಿಲು ಮಾಡಿಕೊಂಡ ಹಕ್ಕಿಗಳೂ ಇವೆ. ಬೇಸಿಗೆ ರಜೆಯಲ್ಲಿ ಕಡೂರು, ಅಜ್ಜಂಪುರ, ತರೀಕೆರೆ ಕಡೆಯ ನೆಂಟರ ಮನೆಗೆ ಹೋಗುವವರು ಇವನ್ನು ಸುಲಭವಾಗಿ ನೋಡಬಹುದು.

ಕಡೂರು ಸೀಮೆ ಕೆರೆಗಳ ನಾಡು. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಎಮ್ಮೆದೊಡ್ಡಿಯ ಕಡೆಯ ಮದಗದ ಕೆರೆ ಎಲ್ಲರಿಗೂ ಗೊತ್ತು. ಅಷ್ಟು ದೂರ ಹೋಗಲಾಗದಿದ್ದರೆ ಊರ ಹಿಂದಿನ ಸಣ್ಣ ಕೆರೆಯೂ ಸಾಕು. ನೀರಿನಲ್ಲಿ ನೀರುಕಾಗೆ, ನಾಮದ ಕೋಳಿ, ಅಂಚಿನಲ್ಲಿ ಬೆಳ್ಳಕ್ಕಿ ಕಾಣಸಿಗುತ್ತವೆ. ನೀರು ಇಳಿದ ದಂಡೆಯಲ್ಲಿ ಒಂದು ಹಕ್ಕಿ ಗಟ್ಟಿಯಾಗಿ ಕಿರುಚುತ್ತಾ ನಿಮ್ಮ ತಲೆಯ ಮೇಲೆಯೇ ಸುತ್ತಿದರೆ ಅದು ಟಿಟ್ಟಿಭ. ಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆಗಳು ಎಲ್ಲೋ ಹತ್ತಿರದಲ್ಲಿವೆ ಎಂದು ಅರ್ಥ. ಆಗ ಹುಡುಕಲು ಹೋಗಬೇಡಿ. ಬಂದ ಹಾದಿಯಲ್ಲೇ ಹಿಂದೆ ಸರಿಯಿರಿ.

ಅಜ್ಜಂಪುರದ ಹೆಸರು ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರದೊಂದಿಗೆ ಬೆಸೆದುಕೊಂಡಿದೆ. ಆ ದನಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳಿಗೆ ಕಾವಲು ಎನ್ನುತ್ತಾರೆ. ನೋಡುವವರಿಗೆ ಅದು ಖಾಲಿ ಬಯಲು. ಆದರೆ ಇಂಥ ಬಯಲೇ ನೆಲಗುಬ್ಬಿಯ ಮನೆ. ಹೆಂಟೆಯ ಮರೆಯಲ್ಲೋ ಹುಲ್ಲಿನ ಬುಡದಲ್ಲೋ ಅದು ಪುಟ್ಟ ಬಟ್ಟಲಿನಂಥ ಗೂಡು ಮಾಡುತ್ತದೆ. ‘ಪಾಳುಭೂಮಿ’ ಎಂದು ನಾವು ಕರೆಯುವ ಜಾಗ ಯಾರದೋ ಬಾಣಂತಿಕೋಣೆಯಾಗಿರುತ್ತದೆ!

ಇನ್ನು ತರೀಕೆರೆ ತಾಲೂಕಿನ ಲಕ್ಕವಳ್ಳಿ. ಇಲ್ಲಿ ಭದ್ರಾ ನದಿಗೆ ಅಣೆಕಟ್ಟಿದೆ. ಬೇಸಿಗೆಯಲ್ಲಿ ನಾಲೆಗಳಿಗೆ ನೀರು ಬಿಟ್ಟಂತೆಲ್ಲಾ ಹಿನ್ನೀರು ಇಳಿದು, ಮುಳುಗಿದ್ದ ದಿಬ್ಬಗಳು ನಡುಗಡ್ಡೆಗಳಾಗಿ ಮೇಲೇಳುತ್ತವೆ. ಅವುಗಳ ಮೇಲೆ ನದಿ ರೀವ ಎಂಬ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಸೇರುತ್ತವೆ. ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲದ ಚೆಲುವಾದ ಹಕ್ಕಿ ಇದು. ನೆಲದಲ್ಲಿ ಒಂದು ಸಣ್ಣ ತಗ್ಗು ಮಾಡಿ ಎರಡು ಮೂರು ಮೊಟ್ಟೆಯಿಡುತ್ತದೆ. ಮಳೆ ಬಂದು ನೀರು ಏರುವುದರೊಳಗೆ ಮರಿಗಳು ಹಾರಲು ಕಲಿಯಬೇಕು. ತಡವಾದರೆ ತೊಟ್ಟಿಲೇ ಮುಳುಗುತ್ತದೆ. 2020ರಲ್ಲಿ ಈ ಹಕ್ಕಿಯನ್ನು ಅಪಾಯದ ಅಂಚಿನತ್ತ ಸಾಗುತ್ತಿರುವ ಪ್ರಭೇದಗಳ ಜಾಗತಿಕ ಪಟ್ಟಿಗೆ ಸೇರಿಸಲಾಯಿತು.

ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗೆ ನಾಯಿ, ಕಾಗೆಗಳ ಭಯ ಇದ್ದದ್ದೇ. ಪ್ರೀತಿಯಿಂದ ನೋಡಲು ಬರುವ ನಾವೂ ಅಪಾಯವೇ ಎಂಬುದು ಹಲವರಿಗೆ ಗೊತ್ತಿಲ್ಲ. ಸುಡುವ ಬಿಸಿಲಿನಲ್ಲಿ ತಾಯಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲು ಮಾತ್ರವಲ್ಲ, ನೆರಳು ಕೊಡಲು ಕೂಡಾ. ಒಂದು ಫೋಟೋಕ್ಕಾಗಿ ನಾವು ಹತ್ತಿರ ಹೋದರೆ ಅದು ಹೆದರಿ ಹಾರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆಯೊಳಗಿನ ಜೀವ ಬೆಂದುಹೋಗಬಹುದು. ನಮ್ಮ ಕೈಯಲ್ಲಿ ಚಿತ್ರ ಉಳಿಯುತ್ತದೆ, ಹಕ್ಕಿ ಉಳಿಯುವುದಿಲ್ಲ. ಆದ್ದರಿಂದ ದೋಣಿಯಲ್ಲಿ ಹೋದಾಗ ನಡುಗಡ್ಡೆಗೆ ಇನ್ನಷ್ಟು ಹತ್ತಿರ ಒಯ್ಯಿರೆಂದು ಒತ್ತಾಯಿಸಬೇಡಿ.

ಪಕ್ಷಿತಜ್ಞ ಸಲೀಂ ಅಲಿಯವರ ಬಾಲ್ಯದ ಕತೆ ನೀವು ಕೇಳಿರಬಹುದು. ಬಾಲಕನಾಗಿದ್ದಾಗ ಅವರು ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಇದು ಯಾವ ಹಕ್ಕಿ ಎಂಬ ಪ್ರಶ್ನೆ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಕರೆದೊಯ್ದಿತು. ಮುಂದೆ 1940ರಲ್ಲಿ ನಮ್ಮ ರಂಗನತಿಟ್ಟು ಪಕ್ಷಿಧಾಮವಾಗಲು ಅವರ ಒತ್ತಾಸೆಯೇ ಕಾರಣವಾಯಿತು. ಗುರಿಯಿಟ್ಟ ಹುಡುಗ ಕಾಯುವವನಾಗಿ ಬೆಳೆದ.

ನಿಮ್ಮ ಮಕ್ಕಳಲ್ಲೂ ಅಂಥ ಪ್ರಶ್ನೆಗಳಿವೆ. ಬೆಳಿಗ್ಗೆ ಬೇಗ ಎದ್ದು ಅವರನ್ನು ಕೆರೆಯ ಬಳಿ ಕರೆದೊಯ್ಯಿರಿ. ಮಾಸಲು ಬಣ್ಣದ ಬಟ್ಟೆ, ಒಂದು ನೋಟ್‌ಬುಕ್, ಸಿಕ್ಕರೆ ದುರ್ಬೀನು ಸಾಕು. ಕಂಡ ಹಕ್ಕಿಗಳನ್ನು ಎಣಿಸಿ ಬರೆಯಲಿ. ಜೊತೆಗೆ ದೂರದಲ್ಲೇ ನಿಂತು ನೋಡುವುದನ್ನೂ, ಹಕ್ಕಿ ಕೂಗಿ ಬೇಡ ಎಂದಾಗ ಸುಮ್ಮನೆ ಹಿಂದಿರುಗುವುದನ್ನೂ ಕಲಿಸಿ. ಮುಂದಿನ ಬೇಸಿಗೆಗೆ ಅವರು ಮತ್ತೆ ಬಂದಾಗ ಹಕ್ಕಿಯೂ ಅಲ್ಲಿರಬೇಕಲ್ಲವೇ?