ಕೂಸಿನ ಬಣ್ಣದ ಡಬ್ಬಿ ಬ್ಯಾಡ, ನಿಮ್ಮದೇ ಒಂದು ಇರಲಿ

“ಮದುವೆಗೆ ಮುಂಚೆ ಭಾಳ ಚೆಂದ ಚಿತ್ರ ತೆಗೀತಿದ್ದೆರೀ.”

ಈ ಮಾತು ಹೇಳುವ ಹೆಣ್ಣುಮಗಳು ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಪ್ರತಿ ಓಣಿಯಲ್ಲೂ ಒಬ್ಬಳಾದರೂ ಸಿಗುತ್ತಾಳೆ. ಹೈಸ್ಕೂಲಿನಲ್ಲಿ ಲೋವರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸಾದ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ಭದ್ರವಾಗಿರುತ್ತದೆ. ಯಾಕೆ ಬಿಟ್ಟಿರಿ ಅಂದರೆ, “ಟೈಮ್ ಎಲ್ಲೈತ್ರೀ? ಈ ವಯಸ್ಸಿನ್ಯಾಗ ಚಿತ್ರ ಬರಕೊಂತ ಕುಂತ್ರ ಮಂದಿ ಏನಂದಾರು?” ಎಂಬ ಉತ್ತರ. ಕೈ ತೀರಾ ತುಡಿದರೆ ಮಗನ ಹಳೇ ಬಣ್ಣದ ಡಬ್ಬಿ ತೆಗೆದು ನೋಟ್‌ಬುಕ್ಕಿನ ಹಾಳೆಯ ಮೇಲೆ ಒಂದು ಹೂವು ಬಿಡಿಸುತ್ತಾರೆ. ಹಾಳೆ ಸುಕ್ಕಾಗುತ್ತದೆ, ಬಣ್ಣ ರಾಡಿಯಾಗುತ್ತದೆ. “ನನ್ನ ಕೈಯಾಗ ಆಗಂಗಿಲ್ಲ” ಎಂದು ಡಬ್ಬಿ ಮುಚ್ಚಿಡುತ್ತಾರೆ.

ತಪ್ಪು ಕೈಯದಲ್ಲ, ಕಾಗದದ್ದು. ನನ್ನ ಮೊದಲ ಮಾತೇ ಇದು: ಜಲವರ್ಣ ಶುರು ಮಾಡುವವರು ಬಣ್ಣಕ್ಕಿಂತ ಮೊದಲು ಕಾಗದಕ್ಕೆ ದುಡ್ಡು ಹಾಕಬೇಕು.

ಏನೇನು ಕೊಳ್ಳಬೇಕು?

ಇಪ್ಪತ್ನಾಲ್ಕು ಬಣ್ಣದ ಸೆಟ್ಟು, ಹನ್ನೆರಡು ಕುಂಚಗಳ ಕಟ್ಟು ಬೇಡವೇ ಬೇಡ. 300 ಜಿಎಸ್‌ಎಂ ದಪ್ಪದ ಜಲವರ್ಣ ಕಾಗದದ ಒಂದು ಪೂರ್ತಿ ಹಾಳೆ ತನ್ನಿ. ಅದರ ಸಾಮಾನ್ಯ ಅಳತೆ 22x30 ಇಂಚು. ಮೂರು ಸಲ ಅರ್ಧ ಅರ್ಧ ಮಾಡಿದರೆ ಎಂಟು ತುಂಡು. ಎರಡೂ ಬದಿ ಬಳಸಿದರೆ ಹದಿನಾರು ಚಿತ್ರ. ಲೆಕ್ಕ ಹಾಕಿದರೆ ತುಟ್ಟಿ ಅನಿಸುವುದಿಲ್ಲ.

ಬಣ್ಣ ನಾಲ್ಕೇ ಸಾಕು: ಲೆಮನ್ ಹಳದಿ, ಕ್ರಿಮ್ಸನ್ ಕೆಂಪು, ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನಾ ಎಂಬ ಕಂದು. ವಿದ್ಯಾರ್ಥಿಗಳ ದರ್ಜೆಯ ಟ್ಯೂಬುಗಳಾದರೆ ನಡೆಯುತ್ತದೆ. ನೀಲಿಗೆ ಕಂದು ಬೆರೆಸಿ ನೋಡಿ. ನೀಲಿ ಹೆಚ್ಚಾದರೆ ಮಳೆಮೋಡದ ಬೂದು, ಎರಡೂ ಗಟ್ಟಿಯಾದರೆ ನಮ್ಮ ಎರೆಹೊಲದ ಕಪ್ಪು. ಕಪ್ಪು ಬಣ್ಣ ಬೇರೆ ಕೊಳ್ಳುವ ಅಗತ್ಯವೇ ಇಲ್ಲ. ಎಂಟು ಅಥವಾ ಹತ್ತನೇ ನಂಬರಿನ ಒಂದೇ ದುಂಡು ಕುಂಚ, ಬಿಳಿ ಪಿಂಗಾಣಿ ತಟ್ಟೆ, ಎರಡು ಗ್ಲಾಸು ನೀರು (ಒಂದು ಕುಂಚ ತೊಳೆಯಲಿಕ್ಕೆ, ಇನ್ನೊಂದು ಬಣ್ಣ ಕಲಸಲಿಕ್ಕೆ), ಒಂದು ಹಳೇ ಹತ್ತಿ ಬಟ್ಟೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದ ಮೇಲೆ ಕಾಗದದ ಮೇಲೂ ಬಿಳಿ ಕಲೆ ಉಳಿಯಬಹುದು. ಬಣ್ಣ ಕಲಸಲು ಕುಡಿಯುವ ಶುದ್ಧ ನೀರೇ ಇರಲಿ.

ರಂಗೋಲಿಯ ಕೈ ಇದೆಯಲ್ಲ!

ನಮ್ಮ ಹೆಣ್ಣುಮಕ್ಕಳು ಸೊನ್ನೆಯಿಂದ ಶುರು ಮಾಡುವುದಿಲ್ಲ. ದಿನಾ ಬೆಳಿಗ್ಗೆ ಅಂಗಳದಲ್ಲಿ ಗೆರೆ ಎಳೆದ ಕೈಗೆ ಅಳತೆಯ ಅಂದಾಜು ಇರುತ್ತದೆ. ಕೌದಿ ಹೊಲಿದವರಿಗೆ ಯಾವ ಬಣ್ಣದ ಪಕ್ಕ ಯಾವುದು ಒಪ್ಪುತ್ತದೆ ಎಂದು ಹೇಳಿಕೊಡಬೇಕಿಲ್ಲ. ಆದರೆ ಒಂದು ಸಂಗತಿ ಇಲ್ಲಿ ಪೂರ್ತಿ ತಿರುಗುಮುರುಗು. ರಂಗೋಲಿಯಲ್ಲಿ ಬಿಳಿಯನ್ನು ನಾವು ಹಾಕುತ್ತೇವೆ, ಜಲವರ್ಣದಲ್ಲಿ ಬಿಳಿಯನ್ನು ಬಿಡುತ್ತೇವೆ. ಕಾಗದವೇ ಬಿಳಿ. ಬೆಳಕು ಬಿದ್ದ ಜಾಗವನ್ನು ಮೊದಲೇ ಗುರುತಿಸಿ ಖಾಲಿ ಉಳಿಸಬೇಕು. ಆಮೇಲೆ ತಿಳಿ ಬಣ್ಣ, ಅದು ಒಣಗಿದ ಮೇಲೆ ಕಡು ಬಣ್ಣ. ಈ ಕ್ರಮ ತಪ್ಪಬಾರದು.

ರಂಗೋಲಿಯಿಂದ ಕಲಿಯಬೇಕಾದ ಇನ್ನೊಂದು ಗುಣ ಅಂಜದಿರುವುದು. ನಾಳೆ ಅಳಿಸಿಹೋಗುತ್ತದೆ ಎಂದು ಗೊತ್ತಿದ್ದೂ ಚೆಂದಾಗಿ ಹಾಕುತ್ತೇವಲ್ಲ? ಮೊದಲ ಹತ್ತು ಚಿತ್ರಗಳನ್ನೂ ಹಾಗೇ ನೋಡಿ.

ಬಿಸಿಲಿಗೆ ತಕ್ಕ ಉಪಾಯ

ನಮ್ಮದು ಬಿಸಿಲ ನಾಡು. ಏಪ್ರಿಲ್-ಮೇ ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತರೆ ಆಕಾಶದ ನೀಲಿ ಅರ್ಧ ಬಳಿಯುವಷ್ಟರಲ್ಲಿ ಒಣಗಿ ನಡುವೆ ಗಡಸು ಗೆರೆ ಮೂಡುತ್ತದೆ. ಬೆಳಗಿನ ತಂಪಿನಲ್ಲಿ ಕೂಡಿ, ಫ್ಯಾನ್ ಆರಿಸಿ. ಕಾಗದಕ್ಕೆ ಮೊದಲು ಬರೀ ನೀರು ಸವರಿ, ಬೇಕಾಗುವ ಬಣ್ಣವನ್ನು ಒಂದೇ ಸಲಕ್ಕೆ ಧಾರಾಳವಾಗಿ ಕಲಸಿಟ್ಟುಕೊಂಡು ಬಳಿಯಿರಿ. ಅರೆ ಒಣಗಿದ ಬಣ್ಣವನ್ನು ಮತ್ತೆ ಮತ್ತೆ ತೀಡಲು ಹೋಗಬೇಡಿ, ರಾಡಿಯಾಗುವುದು ಅಲ್ಲೇ.

ಮೊದಲು ಒಂದು ಒಣ ಮೆಣಸಿನಕಾಯಿ, ಒಂದು ಗಡಿಗೆ, ಬಿಡಿಸಿದ ಹತ್ತಿ ಕಾಯಿ ಸಾಕು. ಹತ್ತಿಯ ಬಿಳಿಯನ್ನು ಉಳಿಸಿಕೊಳ್ಳುವುದೇ ಒಳ್ಳೇ ಪಾಠ. ಕೈ ಕುದುರಿದ ಮೇಲೆ ಹೊರಗೆ ಹೊರಡಿ. ಗಬ್ಬೂರಿನವರಂತೂ ಊರು ಬಿಟ್ಟು ಹೋಗಬೇಕಿಲ್ಲ. ಮಲೆಶಂಕರ ಗುಡಿ, ಬೂದಿ ಬಸವೇಶ್ವರರ ಸನ್ನಿಧಿ, ವೆಂಕಟೇಶ್ವರ ಗುಡಿ ಹೀಗೆ ಹಳೇ ಕಲ್ಲಿನ ಮೇಲೆ ಬಿಸಿಲು-ನೆರಳು ಆಡುವ ತಾಣಗಳು ಕಾಲ್ನಡಿಗೆಯಲ್ಲೇ ಇವೆ. ಒಬ್ಬರೇ ಕೂತರೆ ಮಂದಿ ಸುತ್ತುಗಟ್ಟುತ್ತಾರೆ ಎನ್ನುವ ಸಂಕೋಚವಿದ್ದರೆ ಗೆಳತಿಯನ್ನು ಕರೆದುಕೊಂಡು ಹೋಗಿ.

“ಇದರಿಂದ ಏನು ಬರ್ತದ?”

ಅಸಲು ಅಡ್ಡಿ ಇಲ್ಲಿದೆ. ಹೊಲಿಗೆ ಕಲಿತರೆ ನಾಲ್ಕು ಕಾಸು ಬರುತ್ತದೆ, ಚಿತ್ರದಿಂದ ಏನು ಎಂದು ಮನೆಯಲ್ಲಿ ಕೇಳುತ್ತಾರೆ. ರಾತ್ರಿಯೆಲ್ಲ ಕ್ರಿಕೆಟ್ ನೋಡುವ ಗಂಡಸರನ್ನು ಅದರಿಂದ ಎಷ್ಟು ಬಂತು ಎಂದು ಯಾರಾದರೂ ಕೇಳಿದ್ದಾರೆಯೇ? ದುಡಿಯುವ ಹೆಣ್ಣಿಗೆ ತನ್ನದೇ ಆದ ಅರ್ಧ ತಾಸಿನ ಸಂತೋಷಕ್ಕೂ ಲೆಕ್ಕ ಒಪ್ಪಿಸುವ ಗತಿ ಬರಬಾರದು. ಹಾಗಾಗಿ ಮೊದಲ ಒಂದು ವರ್ಷ ಮಾರುವ ಮಾತು ಬೇಡ, ವಾಟ್ಸಾಪ್ ಸ್ಟೇಟಸ್ಸೂ ಬೇಡ. ಹೊಗಳಿಕೆಗೆ ಕಾಯುವ ಕೈ ಬೇಗ ಸೋಲುತ್ತದೆ.

ವಯಸ್ಸಿನ ಮಾತಂತೂ ಬೇಡವೇ ಬೇಡ. ಬೆಂಗಳೂರಿನ ಹೂಮರಗಳನ್ನು ಚಿತ್ರಿಸಿ ಹೆಸರಾದ ರುಮಾಲೆ ಚನ್ನಬಸವಯ್ಯನವರು (1910-1988) ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕಾರಣ ಎಲ್ಲ ದಾಟಿ, ಐವತ್ತರ ಆಸುಪಾಸಿನಲ್ಲಿ ಪೂರ್ತಿಯಾಗಿ ಕುಂಚಕ್ಕೆ ಮರಳಿದವರು. ಅವರೇನು ಹೊತ್ತುಹೊತ್ತಿಗೆ ರೊಟ್ಟಿ ಬಡಿಯಬೇಕಿತ್ತೇ ಎನ್ನುತ್ತೀರಾ? ಒಪ್ಪಿದೆ. ಅದಕ್ಕೇ ನಾನು ಎಣ್ಣೆಬಣ್ಣ ಬಿಟ್ಟು ಜಲವರ್ಣ ಹೇಳುತ್ತಿರುವುದು. ವಾಸನೆ ಇಲ್ಲ, ಸ್ಟ್ಯಾಂಡು ಬೇಕಿಲ್ಲ. ಕುಕ್ಕರ್ ಕೂಗಿದರೆ ಎದ್ದು ಹೋಗಬಹುದು. ತಟ್ಟೆಯಲ್ಲಿ ಒಣಗಿದ ಬಣ್ಣ ನಾಳೆ ಎರಡು ಹನಿ ನೀರಿಗೆ ಮತ್ತೆ ಜೀವ ಹಿಡಿಯುತ್ತದೆ. ನಡುವೆ ಬಿಡಲಾಗದ್ದು ಹಸಿ ಲೇಪನ ಒಂದೇ. ಅದು ಅಂಗೈ ಅಗಲದ ಚಿತ್ರದಲ್ಲಿ ಐದು ನಿಮಿಷದ ಕೆಲಸ.

ಆದರೆ ಒಂದು ಷರತ್ತು. “ಕೆಲಸ ಮುಗಿದ ಮೇಲೆ” ಎಂದು ಕಾಯಬೇಡಿ. ಮನೆಗೆಲಸ ಎಂದಾದರೂ ಮುಗಿದದ್ದುಂಟೇ? ವಾರಕ್ಕೆ ಎರಡು ದಿನ, ಅರ್ಧ ತಾಸು, ಇಂಥ ಹೊತ್ತು ಎಂದು ಗೊತ್ತು ಮಾಡಿ ಮನೆಯವರಿಗೆ ಹೇಳಿಬಿಡಿ. ಕೇಳಬೇಡಿ, ಹೇಳಿ. ಎರಡು ತಿಂಗಳು ಹಾಗೆ ನಡೆಸಿದರೆ ಮನೆಯವರೇ ಆ ಹೊತ್ತಿಗೆ ತಾವೇ ಚಹಾ ಮಾಡಿಕೊಳ್ಳುವುದನ್ನು ಕಲಿಯುತ್ತಾರೆ.

ಏನಂತೀರಿ? ಮುಂದಿನ ಸಂತೆಗೆ ಹೋದಾಗ ಕಾಯಿಪಲ್ಲೆ ಚೀಟಿಯಲ್ಲಿ ಕುಂಚದ ಹೆಸರೂ ಬರೆದಿರಲಿ.