ಕಾರು ಷೆಡ್ಡಿನ ಬಾಗಿಲು ದಾಟುವ ಮುನ್ನ
(ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಆಯುಕ್ತರಿಗೊಂದು ಬಹಿರಂಗ ಪತ್ರ)

ಮಾನ್ಯರೆ,

ಮಾಗಡಿಯಿಂದ ರಾಮನಗರಕ್ಕೆ ಹೋಗುವ ದಾರಿಯ ಏರೊಂದರ ನಡುವೆ, ಎದುರಿನ ಲಾರಿಗೆ ದಾರಿ ಬಿಡಲೆಂದು ನಿಲ್ಲಿಸಿದ ನನ್ನ ಹಳೆಯ ಮಾರುತಿ 800, 2014ರಲ್ಲಿ ತಯಾರಿಕೆಯೇ ನಿಂತುಹೋದ ಆ ಬಡವರ ರಥ, ಮತ್ತೆ ಮುಂದಕ್ಕೆ ಹೋಗಲೊಲ್ಲದೆ, ಇಂಜಿನ್ನು ಭೋರ್ಗರೆಯುತ್ತಿದ್ದರೂ ಗಾಲಿಗಳು ನಿಶ್ಚಲವಾಗಿ, ಸುಟ್ಟ ಕ್ಲಚ್ಚಿನ ಕಮಟು ವಾಸನೆ ಒಳಗೆಲ್ಲ ತುಂಬಿಕೊಂಡ ಸಾಯಂಕಾಲದ ಪ್ರಸಂಗವೇ ಈ ಪತ್ರಕ್ಕೆ ಕಾರಣ. ಹಿಂದಿನ ದಿನವಷ್ಟೇ ಇಂಜಿನ್ನು, ಗೇರ್‌ಬಾಕ್ಸುಗಳೆರಡನ್ನೂ ಇಳಿಸಿ ಮರಳಿ ಕೂರಿಸಿದ್ದ ಗ್ಯಾರೇಜಿನ ಹೆಸರು ಇಲ್ಲಿ ಅನವಶ್ಯಕ. ಅಲ್ಲಿನ ಹುಡುಗ ಐ.ಟಿ.ಐ. ಓದಿದವನು, ಕೈಚಳಕವುಳ್ಳವನು, ಬೋಲ್ಟುಗಳೆಲ್ಲ ಬಿಗಿಯಾಗಿಯೇ ಇದ್ದುವು. ಆದರೆ ಕ್ಲಚ್ ವೈರನ್ನು ಎಳೆದು ಕಟ್ಟಿದ್ದರಿಂದ ಪೆಡಲಿನಲ್ಲಿ ಎಳ್ಳಷ್ಟೂ ಪ್ಲೇ (ಸಡಿಲು) ಉಳಿಯದೆ, ರಿಲೀಸ್ ಬೇರಿಂಗು ಸದಾ ಒತ್ತಿಕೊಂಡಿದ್ದು, ಪ್ಲೇಟು ಫ್ಲೈವೀಲಿಗೆ ಕಚ್ಚಿಕೊಳ್ಳದೆ ಜಾರುತ್ತಿತ್ತು.

ಇದನ್ನು ಕಂಡುಹಿಡಿಯಲು ಏರುದಾರಿಯೇ ಬೇಕಾಗಿರಲಿಲ್ಲ. ಮೊದಲು ಬರಿಗೈಯಿಂದ ಪೆಡಲನ್ನು ಒತ್ತಿ, ಭಾರ ತಗಲುವ ಮುನ್ನ ಅದು ಎಷ್ಟು ಸಡಿಲವಾಗಿ ಇಳಿಯುವುದೆಂದು ನೋಡಿ ತಯಾರಕರ ಕೈಪಿಡಿಯ ಅಳತೆಗೆ ಹೋಲಿಸುವುದು. ಅನಂತರ ಇಂಜಿನ್ನು ನಡೆಯುತ್ತಿರುವಾಗ ಪೆಡಲನ್ನು ತಳಮುಟ್ಟ ಒತ್ತಿ, ನಾಲ್ಕೈದು ಕ್ಷಣ ತಾಳಿ, ರಿವರ್ಸ್ ಗೇರಿಗೆ ಹಾಕುವುದು. ಕರಕರನೆ ಹಲ್ಲು ಕಡಿದರೆ ಕ್ಲಚ್ಚು ಪೂರ್ಣವಾಗಿ ಬಿಡುತ್ತಿಲ್ಲವೆಂದರ್ಥ. ಕೊನೆಗೆ, ಎದುರಿಗೆ ಯಾರೂ ಇಲ್ಲವೆಂದು ಖಚಿತಮಾಡಿಕೊಂಡು, ಹ್ಯಾಂಡ್ ಬ್ರೇಕ್ ಬಿಗಿದು, ಮೂರನೆಯ ಗೇರಿನಲ್ಲಿ ಮೆಲ್ಲಗೆ ಕಾಲು ತೆಗೆದಾಗ ಇಂಜಿನ್ನು ಉಸಿರುಕಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ಚು ಜಾರುತ್ತಿದೆ. ಪೆಡಲ್ ಒತ್ತಿದಾಗ ಮಾತ್ರ ಕೇಳುವ ಕೀರಲು ಸದ್ದು ಸಾಮಾನ್ಯವಾಗಿ ರಿಲೀಸ್ ಬೇರಿಂಗಿನದು. ಇಷ್ಟೇ, ಒಂದು ಲೋಟ ಕಾಫಿ ಆರುವಷ್ಟು ಹೊತ್ತು.

ಪ್ಲೇಟನ್ನು ನಡುಮಧ್ಯಕ್ಕೆ ಕೂರಿಸದೆ ಗೇರ್‌ಬಾಕ್ಸನ್ನು ತಳ್ಳಿ ತುರುಕುವುದೂ, ಅದರ ಭಾರವೆಲ್ಲವನ್ನೂ ಅದರ ಷಾಫ್ಟಿನ ಮೇಲೆ ನೇತುಬಿಡುವುದೂ ಕೂರಿಸುವ ಕೆಲಸದಲ್ಲೇ ನಮ್ಮ ಷೆಡ್ಡುಗಳಲ್ಲಿ ನಾನು ಕಂಡ ದೋಷಗಳು. ಕೂರಿಸುವಾಗ ಪ್ಲೇಟನ್ನು ಮಧ್ಯಕ್ಕೆ ಹಿಡಿಯುವ ಕಡ್ಡಿಗೇನೂ ಪರದೇಶದ ಉಪಕರಣ ಬೇಡ. ಆಲೆಮರವನ್ನು ಕಡೆದು ಬೊಂಬೆ ಮಾಡುವ ಚನ್ನಪಟ್ಟಣದ ಕುಶಲಕರ್ಮಿಯ ಮುಂದೆ ಹಳೆಯ ಷಾಫ್ಟೊಂದನ್ನಿಟ್ಟರೆ, ಅದೇ ಗಾತ್ರದ ಮರದ ಕಡ್ಡಿಯನ್ನು ಕೂದಲೆಳೆಯೂ ವ್ಯತ್ಯಾಸವಿಲ್ಲದಂತೆ ತಿರುಗಿಸಿಕೊಟ್ಟಾನು. (ನನ್ನ ಮಾತಿನಲ್ಲಿ ಊರಭಿಮಾನ ತುಸು ಹೆಚ್ಚಾಗಿದ್ದರೆ ಕ್ಷಮೆಯಿರಲಿ.)

ಇದೇ ಸೀಮೆಯ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ 1999ರಿಂದ ವಾಹನಗಳನ್ನು ತಯಾರಿಸುತ್ತಿದೆ. ಅಲ್ಲಿ ಹೊಸ ಕಾರು ಪರೀಕ್ಷೆಗೊಳಗಾಗದೆ ಹೊರಬೀಳುವುದಿಲ್ಲ. ಕನಕಪುರದ ಷೆಡ್ಡಿನಲ್ಲಿ ಇಳಿಸಿ ಕೂರಿಸಿದ ಹಳೆಯ ಕಾರಿನ ಸವಾರನ ಪ್ರಾಣವೇನೂ ಅಗ್ಗವಲ್ಲವಷ್ಟೆ. ತಮ್ಮ ಇಲಾಖೆಯ ಐ.ಟಿ.ಐ.ಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿದ್ಯೆಗೆ ಎರಡು ವರ್ಷದ ಅವಧಿಯಿದೆ. ಇಂಜಿನ್ನು ಬಿಚ್ಚುವುದಕ್ಕೂ ಕೂರಿಸುವುದಕ್ಕೂ ಅಂಕ ಕೊಡುವಂತೆಯೇ, ಕೂರಿಸಿದ ಬಳಿಕ ಕ್ಲಚ್ಚನ್ನು ಪರೀಕ್ಷಿಸಿ, ಕಂಡದ್ದನ್ನು ಕೆಲಸದ ಚೀಟಿಯಲ್ಲಿ ಬರೆದು ರುಜು ಹಾಕುವುದಕ್ಕೂ ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಅಂಕವಿಡುವಂತೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ತಾಲ್ಲೂಕುಗಳ ತರಬೇತಿ ಕೇಂದ್ರಗಳಿಗೆ ತಾವು ಸೂಚನೆ ಕಳುಹಿಸಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ. ಬರುವ ಪರೀಕ್ಷೆಗೆ ಮುನ್ನವೇ ಅದು ತಲಪಲಿ.

ಇತಿ ತಮ್ಮ ವಿಶ್ವಾಸಿ,
ಮಾಗಡಿಯ ಒಬ್ಬ ಕಾರಿನ ಒಡೆಯ