ಅಣ್ಣನ ಫೋನಿಗೆ ಅಮ್ಮನ ಬಿಪಿ ಗೊತ್ತಿಲ್ಲ

ಕಳೆದ ತಿಂಗಳು ಬೆಂಗಳೂರಿನ ಹೋಟೆಲೊಂದರಲ್ಲಿ ಕ್ಯಾಶಿಯರ್ ಆಗಿರುವ ಅಣ್ಣನಿಗೆ ಕರೆಯೊಂದು ಬಂತು. ಯಾವುದೋ ಆರೋಗ್ಯ ಸಮೀಕ್ಷೆಯಂತೆ. ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್ ಇದೆಯೇ?’ ಮಧ್ಯಾಹ್ನದ ಊಟದ ರಶ್ಶು. ‘ಇಲ್ಲ’ ಎಂದು ಫೋನಿಟ್ಟ. ರಾತ್ರಿ ಅವನು ಇದನ್ನು ಹೇಳುವಾಗ, ಬೈಂದೂರಿನ ಮನೆಯಲ್ಲಿ ನಾನು ಅಮ್ಮನ ಬಿಪಿ ಮಾತ್ರೆ ಹುಡುಕುತ್ತಿದ್ದೆ. ‘ದೂರದಲ್ಲಿರುವವನಿಗೆ ಸುಮ್ಮನೆ ಯಾಕೆ ಗಾಬರಿ’ ಎಂದು ಅಮ್ಮ ಎಂಟು ತಿಂಗಳಿಂದ ಅವನಿಗೆ ಹೇಳಿರಲೇ ಇಲ್ಲ. ಆ ಸಮೀಕ್ಷೆಯಲ್ಲಿ ನಮ್ಮದೀಗ ಆರೋಗ್ಯವಂತ ಮನೆ!

ತಪ್ಪು ಅಣ್ಣನದೂ ಅಲ್ಲ, ಅಮ್ಮನದೂ ಅಲ್ಲ. ಹಿಂದೆ ಲ್ಯಾಂಡ್‌ಲೈನ್ ಮನೆಯದಾಗಿತ್ತು. ಮೊಬೈಲ್ ವ್ಯಕ್ತಿಯದು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಎಷ್ಟೋ ಮನೆಗಳ ‘ನಂಬರ್’ ಇಂದು ಬೆಂಗಳೂರು, ಮುಂಬೈಯ ಹೋಟೆಲುಗಳಲ್ಲಿ ರಿಂಗಣಿಸುತ್ತಿದೆ.

ಹಾಗೆಂದು ಮೊಬೈಲನ್ನು ಬಿಟ್ಟು ಸಮೀಕ್ಷೆ ಮಾಡಲಾಗದು. ಅಮೆರಿಕದ ಸಿಡಿಸಿ 1984ರಿಂದ ದೂರವಾಣಿ ಮೂಲಕ ಜನರ ಆರೋಗ್ಯದ ಮಾಹಿತಿ ಸಂಗ್ರಹಿಸುತ್ತಿದೆ. ಯುವಕರು, ಬಾಡಿಗೆ ಮನೆಯವರು ಲ್ಯಾಂಡ್‌ಲೈನ್ ಕೈಬಿಟ್ಟಂತೆ ಅವರೆಲ್ಲ ಲೆಕ್ಕದಿಂದಲೇ ಜಾರತೊಡಗಿದರು. ಕೊನೆಗೆ 2011ರಲ್ಲಿ ಮೊಬೈಲ್ ಬಳಕೆದಾರರನ್ನೂ ಅದರಲ್ಲಿ ಸೇರಿಸಿಕೊಂಡರು. ಲ್ಯಾಂಡ್‌ಲೈನ್ ಇಲ್ಲದ ನಮ್ಮೂರಿಗೂ ಮೊಬೈಲೇ ಗತಿ. 2020ರ ಕೊರೊನಾ ಕಾಲದಲ್ಲಿ ‘ಆಪ್ತಮಿತ್ರ’ದ 14410ಕ್ಕೆ ಕರೆ ಮಾಡಿ ಜ್ವರ, ಕೆಮ್ಮು ಹೇಳಿಕೊಳ್ಳುವುದನ್ನು ನಾವು ಕಲಿತವರೇ.

ಆದರೆ ಮೊಬೈಲ್ ಸೇರಿಸಿದ ಮಾತ್ರಕ್ಕೆ ಎಲ್ಲರೂ ಸೇರಿದಂತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದದ್ದು ಸುಮಾರು ಶೇ 54 ಮಂದಿಗೆ. ಅಮ್ಮನ ಪ್ರಾಯದವರು ಆ ಲೆಕ್ಕದಲ್ಲೂ ಇಲ್ಲ. ಬಿಪಿ, ಶುಗರ್ ಹೆಚ್ಚಾಗಿ ಕಾಡುವುದು ಅವರನ್ನೇ ಅಲ್ಲವೇ?

ಆದ್ದರಿಂದ ಕರೆ ಮಾಡುವವರ ಮೊದಲ ಪ್ರಶ್ನೆ ‘ನೀವೀಗ ಎಲ್ಲಿ ವಾಸವಿದ್ದೀರಿ?’ ಎಂದಾಗಲಿ. ಅಣ್ಣನ ಬಳಿ ಅಣ್ಣನ ಆರೋಗ್ಯವನ್ನಷ್ಟೇ ಕೇಳಲಿ, ಅಮ್ಮನದನ್ನು ಅಮ್ಮನ ಬಳಿಯೇ ಕೇಳಲಿ. ಗಂಗೊಳ್ಳಿಯ ಮೀನುಗಾರ ಕಡಲಲ್ಲಿರುವಾಗ, ಗೇರುಬೀಜ ಕಾರ್ಖಾನೆಯ ಅಕ್ಕಂದಿರು ಕೆಲಸದಲ್ಲಿರುವಾಗ ಕರೆ ಬಂದರೆ ಏನು ಪ್ರಯೋಜನ? ಒಮ್ಮೆ ಎತ್ತದಿದ್ದರೆ ಸಂಜೆ ಇನ್ನೊಮ್ಮೆ ಮಾಡಲಿ. ‘ಹ್ವಾಯ್, ಹ್ಯಾಂಗಿದ್ರಿ?’ ಎನ್ನುವವರು ಮಾತಾಡಿಸಿದರೆ ನಮ್ಮ ಹಿರಿಯರು ಮನಸ್ಸು ಬಿಚ್ಚುತ್ತಾರೆ. ಇಂಥ ಕರೆ ಬರುತ್ತದೆಂದು ಆಶಾ ಕಾರ್ಯಕರ್ತೆ ಮೊದಲೇ ತಿಳಿಸಿದರೆ, ಒಟಿಪಿ ವಂಚನೆಗೆ ಹೆದರಿ ಫೋನ್ ಕಟ್ ಮಾಡುವುದೂ ತಪ್ಪುತ್ತದೆ. ಫೋನೇ ಇಲ್ಲದ, ನೆಟ್‌ವರ್ಕ್ ಸಿಗದ ಮನೆಗಳಿಗೆ ಮಾತ್ರ ಕಾಲ್ನಡಿಗೆಯೇ ದಾರಿ.

ಗೆಳೆಯರೇ, ನಮ್ಮ ಪಾಲೂ ಇದೆ. ಅಂಥ ಕರೆ ಬಂದರೆ ಅಧಿಕೃತವೇ ಎಂದು ವಿಚಾರಿಸಿ. ಒಟಿಪಿ, ಬ್ಯಾಂಕ್ ವಿವರ ಕೇಳಿದರೆ ಫೋನಿಡಿ. ಉಳಿದದ್ದಕ್ಕೆ ಗೊತ್ತಿದ್ದರೆ ಉತ್ತರಿಸಿ. ಗೊತ್ತಿಲ್ಲದಿದ್ದರೆ ‘ಇಲ್ಲ’ ಎನ್ನಬೇಡಿ, ‘ಗೊತ್ತಿಲ್ಲ’ ಎನ್ನಿ. ಇವೆರಡರ ನಡುವೆ ಒಬ್ಬ ರೋಗಿ ಕಳೆದುಹೋಗಬಹುದು.

ಅಂದಹಾಗೆ, ಅಮ್ಮನ ಬಳಿಯೂ ಒಂದು ಕೀಪ್ಯಾಡ್ ಫೋನಿದೆ. ಸಿಮ್ ಮಾತ್ರ ಅಣ್ಣನ ಹೆಸರಿನಲ್ಲಿದೆ. ಮೊನ್ನೆ ಅಣ್ಣ ಆ ನಂಬರಿಗೆ ಕರೆ ಮಾಡಿ ಮೊದಲು ಕೇಳಿದ್ದು, ‘ಅಮ್ಮಾ, ಮಾತ್ರೆ ತಗೊಂಡ್ಯಾ?’